ಬಣ್ಣ ಕೆರೆದು ಸೇತುವೆ ಎಬ್ಬಿಸಿದಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೇತುವೆಯ ಹೊಟ್ಟೆಯಡಿ, ಹಗ್ಗಕ್ಕೆ ಜೋತುಬಿದ್ದ ಹಲಗೆಯ ಮೇಲೆ ಅಂಗಾತ ಮಲಗಿ ಆಕೆ ಕಬ್ಬಿಣ ಕೆರೆಯುತ್ತಿದ್ದಾಳೆ. ಬಾಯಿಗೆ ಮುಸುಕು, ಕಣ್ಣಿಗೆ ಕನ್ನಡಕ, ಕೈಯಲ್ಲಿ ಅಗಲ ಬಾಯಿಯ ಉಳಿ. ಒಂದೊಂದು ಎಳೆತಕ್ಕೂ ಬಣ್ಣದ ಹಕ್ಕಳೆ ಎದ್ದು, ಕೆಳಗೆ ಕಟ್ಟಿದ ಪರದೆಯೊಳಗೆ ಬೀಳುತ್ತದೆ. ಸೀಸ ಬೆರೆತ ವಿಷದ ಬಣ್ಣ ಅದು, ಒಂದು ಚೂರೂ ನದಿ ಸೇರಕೂಡದು. ಮೇಲೆ ಹಗ್ಗ ಹಿಡಿದು ಕೂತ ನಾದಿನಿ ಬಗ್ಗಿ ನೋಡುತ್ತಾಳೆ.

“ಅತ್ತಿಗೆ, ಸಾಕು ಬಾ. ಎದ್ರೆ ಏಳುತ್ತೆ, ಇಲ್ಲಾಂದ್ರೆ ಇಲ್ಲ. ಇನ್ನೊಂದು ಬೊಗಸೆ ತೆಗೆದು ಏನ್ ಮಾಡ್ತೀಯ?”

“ಬಾಯಿ ಮುಚ್ಕೊಂಡು ಹಗ್ಗ ಹಿಡಿ. ನಾನು ಬಿದ್ರೆ ನಿಮ್ಮಣ್ಣನ್ನ ಸಾಕೋ ಪಾಡು ನಿಂದೇ.”

ಊರು ಆಕೆಯನ್ನು ಬಣ್ಣದಕ್ಕ ಎಂದು ಕರೆಯುತ್ತದೆ. ಈ ಸೇತುವೆಗೆ ಬಣ್ಣ ಬಳಿಯುವುದು ಆಕೆಯ ಮನೆತನದ ಕೆಲಸ. ಇವತ್ತು ಮಧ್ಯಾಹ್ನದೊಳಗೆ ಈ ಸೇತುವೆ ಮೇಲೇಳದಿದ್ದರೆ ಅದರ ಕೀಲಿಗೆ ಬೆಸುಗೆ ಹಾಕಿ ಶಾಶ್ವತವಾಗಿ ಮುಚ್ಚುತ್ತಾರೆ. ಆಮೇಲೆ ನದಿಯ ಮೇಲ್ಭಾಗದ ಎರಕದ ಕಾರ್ಖಾನೆಗೆ ದೋಣಿದಾರಿ ಇಲ್ಲ. ರಸ್ತೆಯ ಮೇಲೆ ಹಿಡಿಸದ ಗಾತ್ರದ ಚಕ್ರಗಳನ್ನು ಮಾಡುವ ಕಾರ್ಖಾನೆ ಅದು. ಆಕೆಯ ಗಂಡ ಅಲ್ಲೇ ಅಚ್ಚು ಕಟ್ಟುತ್ತಾನೆ.

ಸೇತುವೆಯ ನಡುಭಾಗ ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುವಂಥದ್ದು. ಲೆಕ್ಕ ತಕ್ಕಡಿಯದೇ: ಒಂದು ಕಡೆ ರಸ್ತೆ, ಇನ್ನೊಂದು ಕಡೆ ಅಷ್ಟೇ ಭಾರದ ಕಬ್ಬಿಣದ ಗಟ್ಟಿಗಳು. ಎರಡೂ ಸಮವಿದ್ದರೆ ಸಣ್ಣ ಮೋಟಾರು ಸಾಕು. ಮೂರು ವರ್ಷದ ಹಿಂದೆ ಅದು ಏಳಲು ತಿಣುಕತೊಡಗಿತು. ಮೋಟಾರು ಬದಲಾಯಿಸಿದರು. ದೊಡ್ಡ ಮೋಟಾರು ಹಾಕಿದ ವಾರದಲ್ಲೇ ಗಾಲಿಯ ಹಲ್ಲು ಮುರಿಯಿತು. ಕೊನೆಗೆ ಬಂದ ಇಂಜಿನಿಯರಮ್ಮ ತೊಲೆಯಿಂದ ಒಂದು ಹಕ್ಕಳೆ ಕಿತ್ತು ಅಂಗೈ ಮೇಲಿಟ್ಟುಕೊಂಡು ಕೇಳಿದರು, “ಇದನ್ನ ಕೆರೆಯದೇ ಎಷ್ಟು ವರ್ಷದಿಂದ ಬಳೀತಿದೀರಿ?”

ಹಕ್ಕಳೆ ಬಿಸ್ಕತ್ತಿನಷ್ಟು ದಪ್ಪವಿತ್ತು. ಆಕೆಯ ಮಾವನ ಕಾಲದಿಂದಲೂ ಹಾಗೇ. “ಹಳೇ ಬಣ್ಣ ಅಂದ್ರೆ ಕಬ್ಬಿಣಕ್ಕೆ ಕಂಬಳಿ ಇದ್ದಂಗೆ, ಕಿತ್ಕೋಬೇಡ ಅಂತಿದ್ರು ಮಾವ,” ಎನ್ನುತ್ತಾಳೆ ಆಕೆ. “ನಾವೂ ಮೇಲಿಂದ ಮೇಲೆ ಹೊದಿಸ್ತಾ ಬಂದ್ವಿ. ಕಂಬಳಿ ಭಾರಕ್ಕೇ ಅದು ಮಲಗಿಬಿಡ್ತು.”

ಗಟ್ಟಿ ಸೇರಿಸೋಣವೆಂದರೆ ಅವನ್ನಿಡುವ ಹಿಂದಿನ ಗೂಡು ಭರ್ತಿಯಾಗಿತ್ತು. ಯಂತ್ರದಿಂದ ಉಜ್ಜಿದರೆ ದೂಳು ನೀರಿಗೆ ಹೋಗುತ್ತದೆ. ಕೈಯಲ್ಲೇ ಕೆರೆಯಬೇಕು, ಯಾವ ಗುತ್ತಿಗೆದಾರನೂ ಒಪ್ಪಲಿಲ್ಲ. “ಬಳಿದೋರು ನಾವು, ನಾವೇ ತೆಗೀತೀವಿ,” ಎಂದು ಆಕೆ ಎದ್ದು ನಿಂತಾಗ ಊರಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಆಗ ಶುರುವಾದದ್ದು ಇವತ್ತು ಬೆಳಗಿನವರೆಗೂ ನಡೆದಿದೆ. ದಿನಕ್ಕೆ ಎರಡು ಪೀಪಾಯಿ ಹಕ್ಕಳೆ. ವಾರಕ್ಕೊಮ್ಮೆ ಉಳಿಗೆ ಸಾಣೆ. ತಿಂಗಳಿಗೊಮ್ಮೆ ರಕ್ತದಲ್ಲಿ ವಿಷ ಏರಿದೆಯೇ ಎಂದು ಪರೀಕ್ಷೆ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ಬಿಸಿನೀರಿನ ಲೋಟ ಹಿಡಿದು ಸ್ವಲ್ಪ ಹೊತ್ತು ಕೂರಬೇಕು. ಇದೆಲ್ಲ ಹೇಳುವಾಗ ಆಕೆಗೆ ಬೇಸರ. ಉತ್ಸಾಹ ಬರುವುದು ಪದರಗಳ ಮಾತೆತ್ತಿದಾಗ.

“ಇಲ್ನೋಡಿ, ಮೇಲಿನ ನೀಲಿ ನಂದು. ಅದರಡಿ ಹಳದಿ. ಯಾರೋ ಪುರಸಭೆ ಅಧ್ಯಕ್ಷರು ಅಗ್ಗಕ್ಕೆ ಸಿಕ್ತು ಅಂತ ಲಾರಿಗಟ್ಟಲೆ ತರಿಸಿದ್ರಂತೆ, ಶಾಲೆ, ನಲ್ಲಿಕಂಬ, ಶವಾಗಾರ, ಎಲ್ಲ ಹಳದಿ. ಅದರ ಕೆಳಗೆ ಹಸಿರು, ಗಿರಣಿಯವರದ್ದು.” ಹಸಿರಿನಲ್ಲಿ ಉಗುರಿಗೆ ಸಿಗುವ ನವಿರಾದ ಎಳೆಗಳಿವೆ. ದಡದ ನೂಲಿನ ಗಿರಣಿ ಓಡುತ್ತಿದ್ದಾಗ ಗಾಳಿಯಲ್ಲಿ ಹಾರಿದ ಹತ್ತಿ, ಹಸಿ ಬಣ್ಣಕ್ಕೆ ಅಂಟಿದ್ದು. ಹಳದಿಯಲ್ಲಿ ಒಂದೆಳೆಯೂ ಇಲ್ಲ. ಅಷ್ಟರಲ್ಲಿ ಗಿರಣಿ ಮುಚ್ಚಿತ್ತು. ಹಸಿರಿನಡಿ ಯುದ್ಧದ ಕಾಲದ ಬೂದು. ಅದರಡಿ ದೊಡ್ಡ ಪ್ರವಾಹದ ಕೆಸರಿನ ಗೆರೆ. ಆಗ ಯಾರೋ ಒರೆಸುವ ಗೋಜಿಗೂ ಹೋಗದೆ ಬಳಿದಿದ್ದಾರೆ. “ಸೋಮಾರಿ,” ಎಂದು ಆಕೆ ನಗುತ್ತಾಳೆ. “ನಮ್ಮ ವಂಶದೋನೇ ಇರ್ಬೇಕು.”

ಹತ್ತು ಗಂಟೆಗೆ ಎರಡೂ ಕಡೆ ರಸ್ತೆಗೆ ಅಡ್ಡಗಂಬ ಬೀಳುತ್ತದೆ. ಸೇತುವೆಗಿಂತ ಮೇಲೆ, ನದಿಯಲ್ಲಿ ಕಾರ್ಖಾನೆಯ ದೋಣಿ, ಒಂದೇ ಒಂದು ದೈತ್ಯ ಚಕ್ರ ಹೊತ್ತು ಕಾಯುತ್ತಿದೆ. ಬೆಸುಗೆಯವರ ವ್ಯಾನೂ ಬಂದಿದೆ. ಹಾಕಿರುವುದು ಹಳೆಯ ಸಣ್ಣ ಮೋಟಾರನ್ನೇ. ಗುಂಡಿ ಒತ್ತಿದಾಗ ಸೇತುವೆ ನರಳುತ್ತದೆ, ಗೇಣುದ್ದ ಏಳುತ್ತದೆ, ನಿಲ್ಲುತ್ತದೆ. ಜನ ಉಸಿರು ಬಿಡುವ ಸದ್ದು ಕೇಳಿಸುತ್ತದೆ. ನಾದಿನಿ ಅತ್ತಿಗೆಯ ತೋಳು ಹಿಡಿದುಕೊಳ್ಳುತ್ತಾಳೆ.

“ಇಳಿಸಿ,” ಎನ್ನುತ್ತಾರೆ ಇಂಜಿನಿಯರಮ್ಮ. “ಕೀಲು ಬಿಗಿದಿದೆ, ಅಷ್ಟೆ. ಎಣ್ಣೆ ಬಿಟ್ಟು ಇನ್ನೊಂದ್ಸಲ.”

ಎರಡನೇ ಸಲ ಅದು ನಿಲ್ಲುವುದಿಲ್ಲ. ಕಬ್ಬಿಣದ ಎರಡು ತುಟಿಗಳ ನಡುವೆ ಬೆಳಕಿನ ಗೆರೆ ಮೂಡಿ, ಅಂಗೈಯಗಲವಾಗಿ, ಬಾಗಿಲಗಲವಾಗಿ ತೆರೆದುಕೊಳ್ಳುತ್ತದೆ. ಇಡೀ ರಸ್ತೆ, ಅದರ ಬಿಳಿ ಗೆರೆಗಳ ಸಮೇತ, ಆಕಾಶಕ್ಕೆ ನೆಟ್ಟಗಾಗುತ್ತದೆ. ಬೆತ್ತಲೆ ಕಬ್ಬಿಣ ಬಿಸಿಲಿಗೆ ಮಿರುಗುತ್ತದೆ. ದೋಣಿ ಉದ್ದಕ್ಕೆ ಶಿಳ್ಳೆ ಹಾಕಿ ಕೆಳಗೆ ನುಗ್ಗುತ್ತದೆ. ನಾದಿನಿ ಅಳುತ್ತಾಳೆ. ಬಣ್ಣದಕ್ಕ ಅಳುವುದಿಲ್ಲ, ಕುತ್ತಿಗೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ.

ಅಡ್ಡಗಂಬದಾಚೆ ಬಸ್ಸಿನವನು ಹಾರ್ನ್ ಒತ್ತಿ ಸಾಕಾಗಿ, ಕಿಟಕಿಯಿಂದ ತಲೆ ಹೊರಹಾಕುತ್ತಾನೆ. “ಏನಕ್ಕ, ಬಸ್ಸು ತುಂಬ ಜನ ಇದಾರೆ. ಎಷ್ಟೊತ್ತು ಕಾಯ್ಬೇಕು?”

ಆಕೆ ತಿರುಗಿಯೂ ನೋಡುವುದಿಲ್ಲ.

“ಕಾಯಪ್ಪ,” ಎನ್ನುತ್ತಾಳೆ. “ಸೇತುವೆ ಎದ್ದಿದೆ.”