ತಗಡು ಬಡಿದ ವಿಮಾನ

ಸರೋಜಕ್ಕಾ, ಅದು ಸುಖೋಯ್ ವಿಮಾನ ಆಗಿರಲಿಲ್ಲ. ನಿಮ್ಮ ಮೊಬೈಲ್ ಕೈಗೆ ಬಂದ ಕೂಡಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.

ವಾಯುಪಡೆ ಸೇರಿದೆನೆಂದು ಮನೆ ಬಿಟ್ಟ ನಿಮ್ಮ ಸುಧೀರ ಕಳಿಸಿದ ಮೊದಲ ಫೋಟೋ. "ಯಾವ ವಿಮಾನ ಹೇಳು ಮಾರಾಯಾ," ಎಂದಿರಿ. ಚಿತ್ರ ನೋಡಿ ಯುದ್ಧವಿಮಾನ ಗುರುತಿಸುವುದು ನನ್ನ ಹುಚ್ಚು, ಅವನಿಗೂ ಅಂಟಿಸಿದ್ದೆ. ಮೂತಿಯಲ್ಲೇ ಗಾಳಿ ಎಳೆಯುವ ದುಂಡು ಬಾಯಿ, ನಡುವೆ ಚೂಪು ತುದಿ, ಪುಟ್ಟ ತ್ರಿಕೋನದ ರೆಕ್ಕೆಗಳು, ಬಾಲದ ಮೇಲೆ ನೆಟ್ಟಗೆ ಒಂದೇ ರೆಕ್ಕೆ — ಹಳೆಯ ಮಿಗ್. ಸುಖೋಯ್‌ಗಾದರೆ ಬಾಲದಲ್ಲಿ ಎರಡು. ಅಷ್ಟೇ ಆಗಿದ್ದರೆ ಹೇಗೋ... ಆ ಬಾಯಿಗೆ ತಗಡು ಬಡಿದಿದ್ದರು, ಚಕ್ರಗಳು ಸಿಮೆಂಟ್ ಕಟ್ಟೆಯಲ್ಲಿ ಹೂತಿದ್ದವು. ಯಾವುದೋ ಉದ್ಯಾನದಲ್ಲಿ ಮಕ್ಕಳು ನೋಡಲೆಂದು ನಿಲ್ಲಿಸಿದ ವಿಮಾನ. ನಿಮ್ಮ ಮಗ ವಾಯುಪಡೆಯಲ್ಲಿ ಇರಲಿಲ್ಲ, ಅಕ್ಕಾ.

"ಸುಖೋಯ್ ಅದರಿ ಅಕ್ಕಾ, ಭಾಳ ದೊಡ್ಡ ವಿಮಾನ!" ಎಂದುಬಿಟ್ಟೆ. ನೀವು ಹಿಗ್ಗಿ ಹೀರೇಕಾಯಿ ಆದಿರಿ, ನೀರುದೋಸೆ ಹಾಕಿಕೊಟ್ಟಿರಿ.

ಕಲಬುರಗಿ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ವಾಶಿ ಮಾರ್ಕೆಟ್ಟಿನಲ್ಲಿ ಗುಮಾಸ್ತಿಕೆ ಮಾಡುತ್ತ ಕೋಪರಖೈರಣೆಯ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಬಿದ್ದಿದ್ದವನನ್ನು, ಅದೇ ಓಣಿಯ ನೀವಲ್ಲದೆ ಇನ್ನಾರು ಮನೆಗೆ ಕರೆಯುತ್ತಿದ್ದರು? ಫೋಟೋ ಬಂದಾಗಲೆಲ್ಲ ಭಾನುವಾರ ನಿಮ್ಮ ಕರೆ ಬರುತ್ತಿತ್ತು. ಮತ್ತೆ ಮತ್ತೆ ಅದೇ ವಿಮಾನ — ಒಮ್ಮೆ ಮೂತಿ, ಒಮ್ಮೆ ಬಾಲ. ನಾನು ಬೇರೆ ಬೇರೆ ಹೆಸರು ಹೇಳುತ್ತ ಹೋದೆ. ನಿಜ ಹೇಳಿದರೆ ಆ ಬಾಗಿಲು ಮತ್ತೆ... ಹೊಟ್ಟೆಗಲ್ಲ ಅಕ್ಕಾ, ನಾಲ್ಕು ಮಾತಿಗೆ ಆಸೆಪಟ್ಟೆ.

ನೀವು ಆಸ್ಪತ್ರೆ ಸೇರಿದಾಗ, "ಸುಧೀರಗ ಫೋನ್ ಮಾಡ್ಲೇನ್ರಿ?" ಎಂದು ಕೇಳಿದೆ.

"ಬೇಡ ಮಾರಾಯಾ. ಅಷ್ಟು ದೊಡ್ಡ ವಿಮಾನದ ಡ್ಯೂಟಿ, ಗಾಬರಿ ಮಾಡುದು ಬೇಡ," ಎಂದಿರಿ. ಕಣ್ಣು ಮಾತ್ರ ವಾರ್ಡಿನ ಬಾಗಿಲಲ್ಲೇ ಇತ್ತು. ಆಗಲಾದರೂ — ಥೂ, ಆಗಲೂ ನಾನು ಬಾಯಿ ಬಿಡಲಿಲ್ಲ. ಅವನನ್ನು ನೋಡದೆಯೇ ನೀವು ಹೋದಿರಿ.

ಎಲ್ಲ ಮುಗಿದ ಮೇಲೆ ಸುಧೀರ ಬಂದ. ವಾಯುಪಡೆಯ ನೇಮಕಾತಿಯಲ್ಲಿ ಆಯ್ಕೆಯಾಗದೆ, ಇಲ್ಲೇ ಲೋಕಲ್ ರೈಲಿನಷ್ಟು ದೂರದ ಕಲ್ಯಾಣದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದನಂತೆ.

"ಅಂಕಲ್, ನನಗೆ ಹೇಳೋಕೆ ಧೈರ್ಯ ಆಗ್ಲಿಲ್ಲ. ಆಪ್ ತೋ ಪೆಹಚಾನ್ ಲೇಂಗೆ, ನೋಡಿದ ಕೂಡ್ಲೇ ಗುರುತು ಹಿಡಿದು ಅಮ್ಮನಿಗೆ ಹೇಳ್ತೀರಿ ಅಂತಾನೇ ಆ ಫೋಟೋ ಕಳಿಸ್ತಿದ್ದೆ. ಅಮ್ಮ ಬೈಕೊಂಡು ಹುಡುಕ್ತಾ ಬರ್ತಾಳೆ ಅಂತ ಕಾಯ್ತಿದ್ದೆ. ಯಾಕೆ ಹೇಳ್ಲಿಲ್ಲ?"

ಭಾನುವಾರದ ಒಂದು ಕರೆಗಾಗಿ ಎಂದು ಅವನಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಅಕ್ಕಾ.