ಕುರ್ಚಿ ಬೀದಿಗೆ ಆ ಹೆಸರು ಬಂದದ್ದು

ಬೆತ್ತದಕ್ಕನ ಮನೆ ಮುಂದೆ ಯಾವಾಗ ನೋಡಿದರೂ ಒಂದೆರಡು ಕುರ್ಚಿಗಳಿರುತ್ತವೆ. ಹರಿದ ಬೆತ್ತ ಬಿಚ್ಚಿ ಹೊಸದನ್ನು ಹೆಣೆದ ಮೇಲೂ ಆಕೆ ಕುರ್ಚಿಯನ್ನು ಕೂಡಲೇ ಕೊಡುವುದಿಲ್ಲ. ನೆನೆಸಿದ ಬೆತ್ತ ಒಣಗಿ ಬಿಗಿಯಾಗುವವರೆಗೆ ಬೀದಿಯ ಗಾಳಿಗೆ ಇಟ್ಟು, ಆಮೇಲೆ ಹೋಗಿ ಬರುವವರನ್ನು ಕರೆದು ಕೂರಿಸುತ್ತಾಳೆ. ಬಸ್ಸು ತಪ್ಪಿಸಿಕೊಂಡವರು, ತರಕಾರಿ ಚೀಲ ಹೊತ್ತು ಸೋತವರು ಕೂತು, ಎರಡು ಮಾತಾಡಿ ಎದ್ದು ಹೋಗುತ್ತಾರೆ. ಆಕೆ ಬಗ್ಗಿ ಅಡಿಯಿಂದ ನೋಡಿ, ಹೆಣಿಗೆ ಜಗ್ಗಿಲ್ಲವೆಂದು ಖಾತ್ರಿಯಾದರೆ ಮಾತ್ರ ಕುರ್ಚಿ ಅದರ ಯಜಮಾನರ ಮನೆ ಸೇರುತ್ತದೆ.

ಹೀಗೆ ಅದು ಕುರ್ಚಿ ಬೀದಿಯಾಯಿತು. ಯಾರಾದರೂ ರಿಕ್ಷಾದವನಿಗೆ ಆ ಹೆಸರು ಹೇಳಿದ್ದು ಕಿವಿಗೆ ಬಿದ್ದರೆ ಸಾಕು, ಬೆತ್ತದಕ್ಕನ ಬೆರಳುಗಳು ತಾವಾಗಿಯೇ ಚುರುಕಾಗುತ್ತಿದ್ದವು.

ಒಂದು ಬೆಳಿಗ್ಗೆ ಬೀದಿಗಳಿಗೆ ಹೆಸರಿನ ಫಲಕ ಹಾಕಿಸುವ ನಗರಸಭೆಯವನು ಬಂದ.

"ಕುರ್ಚಿ ರಿಪೇರಿ ಮಾಡೋರು ಎಲ್ಲ ಕಡೆ ಇದ್ದಾರಮ್ಮ. ಇಲ್ಲಿ ಮಾತ್ರ ಬೀದೀಲಿ ಕೂರಿಸೋದು ಯಾಕೆ ಶುರುವಾಯ್ತು? ಸರಿಯಾದ ಕಾರಣ ಇಲ್ಲದಿದ್ರೆ ಏಳನೇ ಅಡ್ಡರಸ್ತೆ ಅಂತ ಬರೆಸಿಬಿಡ್ತೀನಿ."

ಕಾರಣ ಬೆತ್ತದಕ್ಕನಿಗೆ ಗೊತ್ತಿತ್ತು. ಆದರೆ ಯಾರಿಗೂ ಹೇಳುವುದಿಲ್ಲವೆಂದು ಎದುರುಮನೆಯ ಮೇಷ್ಟ್ರಿಗೆ ಮಾತು ಕೊಟ್ಟಿದ್ದಳು.

"ಹಿಂದೆ ಯಾವನೋ ರಾಜ ಇಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಿದ್ನಂತೆ," ಎಂದ ಮೂಲೆ ಅಂಗಡಿಯವನು.

"ಬೇರೆ ಜಾಗ ಸಿಗ್ಲಿಲ್ವಾ ಪಾಪ? ನಿನ್ನ ಅಂಗಡಿ ಮುಂದಿನ ಚರಂಡಿ ನೋಡ್ಕೊಂಡು ಕೂತಿದ್ನಾ?" ಎಂದಳು ಬೆತ್ತದಕ್ಕನ ನಾದಿನಿ. ಆಮೇಲೆ ಅವಳೇ ಪಿಸುಗುಟ್ಟಿದಳು: "ಅತ್ತಿಗೆ, ಬಾಯಿ ಬಿಡಿ. ಹೆಸರು ಹೋಗುತ್ತೆ."

ಬೆತ್ತದಕ್ಕ ತಲೆ ತಗ್ಗಿಸಿ, "ನಂಗೇನೂ ಗೊತ್ತಿಲ್ಲ," ಎಂದಳು. ನಗರಸಭೆಯವನು ಪೆನ್ನು ತೆಗೆದ.

ಅಷ್ಟರಲ್ಲಿ ಎದುರುಮನೆಯ ಮೇಷ್ಟ್ರು ಪೇಪರು ಮಡಚಿ, ಮೆಟ್ಟಿಲಿಳಿದು ಬಂದರು.

"ತಡಿಯಪ್ಪ. ಅವಳಿಗೆ ಗೊತ್ತು, ನನ್ನ ಮರ್ಯಾದೆಗೋಸ್ಕರ ಸುಮ್ಮನಿದ್ದಾಳೆ. ಅವಳು ಈ ಕೆಲಸಕ್ಕೆ ಕೈ ಹಾಕಿದ ಹೊಸದರಲ್ಲಿ ನನ್ನ ಕುರ್ಚಿ ಹೆಣೆದಿದ್ಲು. ಒಣಗೋ ತನಕ ಕಾಯಿರಿ ಮೇಷ್ಟ್ರೇ ಅಂದ್ಲು. ನಾನು ಕೇಳಬೇಕಲ್ಲ? ಹಸೀ ಕುರ್ಚೀನೇ ಮನೆಗೆ ಹೊತ್ಕೊಂಡು ಹೋಗಿ ಕೂತೆ. ಸೀದಾ ಒಳಗೆ ಇಳಿದೆ. ಮೊಣಕಾಲು ಮೂಗಿಗೆ ಬಂತು. ಕೊನೆಗೆ ಇವಳನ್ನೇ ಕೂಗಿ ಕರೆದೆ, ಎರಡೂ ಕೈ ಹಿಡಿದು ಎಳೆದ್ಲು."

ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಡಿಯವನು ಆಕಾಶ ನೋಡಿದ.

"ಅವತ್ತಿಂದ ಯಾರು ಎಷ್ಟೇ ಅವಸರ ಮಾಡಿದ್ರೂ ಹಸೀ ಕುರ್ಚಿ ಕೊಡಲ್ಲ. ಬೀದೀಲಿ ನಾಲ್ಕು ಜನ ಕೂತು ಏಳಬೇಕು. ಇದೇ ಕಾರಣ. ಬರ್ಕೋ."

"ಮೇಷ್ಟ್ರೇ, ಯಾಕೆ ಹೇಳಿದ್ರಿ?" ಎಂದಳು ಬೆತ್ತದಕ್ಕ ಮೆಲ್ಲಗೆ.

"ರಿಟೈರ್ ಆಯ್ತಲ್ಲ, ಇನ್ಮೇಲೆ ನಗೋಕೆ ತರಗತೀಲಿ ಮಕ್ಕಳಿಲ್ಲ. ಇವರು ನಕ್ರೆ ನಗಲಿ. ನಂಗೂ ಏಳನೇ ಅಡ್ಡರಸ್ತೆಲಿರೋಕೆ ಇಷ್ಟ ಇಲ್ಲ."

ಮುಂದಿನ ವಾರ ಮೂಲೆಯ ಗೋಡೆಗೆ ನೀಲಿ ಫಲಕ ಬಂತು: ಕುರ್ಚಿ ಬೀದಿ. ಬೆತ್ತದಕ್ಕ ಅದನ್ನು ನೋಡಿ ಬಂದು, ಬಾಗಿಲ ಬಳಿಯಿದ್ದ ಹೊಸ ಹೆಣಿಗೆಯ ಕುರ್ಚಿಯನ್ನು ಒರೆಸಿ ಮೇಷ್ಟ್ರ ಮುಂದಿಟ್ಟಳು.

"ಒಣಗಿದೆಯಾ?" ಮೇಷ್ಟ್ರು ಬೆರಳಿನಿಂದ ಒತ್ತಿ ನೋಡಿದರು.

"ನಿನ್ನೇನೇ ಒಣಗಿದೆ. ಕೂತ್ಕೊಳ್ಳಿ."

"ಆದ್ರೂ ಮೊದಲು ನೀನು ಕೂತ್ಕೋ."

ಬೆತ್ತದಕ್ಕ ನಗುತ್ತಾ ಕೂತಳು. ಹೆಣಿಗೆ ಜಗ್ಗಲಿಲ್ಲ; ಎಷ್ಟೋ ಹೊತ್ತು ಅವಳೂ ಏಳಲೇ ಇಲ್ಲ.