ಕುಂಕುಮದ ತಟ್ಟೆ

ಕ್ಲಿನಿಕ್ಕಿಗೆ ಬೀಗ ಹಾಕಿ ಸಮಾಜ ತಿದ್ದೋಕೆ ಹೊರಟ ಡಾಕ್ಟರು ನಾನು. ರೋಗಿಗಳು ಯಾವತ್ತೂ ಇಷ್ಟು ಸುಸ್ತು ಮಾಡಿರಲಿಲ್ಲ.

ಮೊನ್ನೆ ಭದ್ರಾವತಿಯ ಜನ್ನಾಪುರದಲ್ಲಿ ಮಹಿಳಾ ಸಂಘದ ಸಭೆ. ಗಂಡ ಸತ್ತವರಿಗೂ ಅರಿಶಿನ ಕುಂಕುಮ ಕೊಡಿ ಅಂತ ಗಂಟಲು ಹರಿಯುವಂತೆ ಹೇಳಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಆಮೇಲೆ ಸಂಘದ ಅಧ್ಯಕ್ಷೆ ಕುಂಕುಮದ ತಟ್ಟೆ ಹಿಡಿದು ಎಲ್ಲರಿಗೂ ಕೊಡುತ್ತಾ ಬಂದರು. ನನ್ನೆದುರು ಬಂದ ತಟ್ಟೆ ಒಂದು ಕ್ಷಣ ತಡವರಿಸಿ ಪಕ್ಕದವರ ಕಡೆ ಹೋಯಿತು. ನಮ್ಮ ಯಜಮಾನರು ತೀರಿಕೊಂಡಿದ್ದು ಅವರಿಗೆ ಗೊತ್ತಿತ್ತು.

"ಯಾಕ್ರೀ, ನನಗಿಲ್ವಾ?" ಅಂದೆ.

"ಅಯ್ಯೋ ಮೇಡಂ, ನಿಮ್ಮ ಮಾತು ಕೇಳಿ ಕಣ್ಣಲ್ಲಿ ನೀರೇ ಬಂತು. ಆದ್ರೆ ಇವತ್ತು ಶುಕ್ರವಾರ ನೋಡಿ."

ಶಿವಮೊಗ್ಗದ ಬಸ್ಸು ಹತ್ತುವಾಗ ಅವರೇ ಓಡಿಬಂದರು. ಮನಸ್ಸು ಬದಲಾಯಿತೇನೋ ಅಂದುಕೊಂಡೆ. ಕೈ ಚಾಚಿ, "ತಲೆ ಸುತ್ತುತ್ತೆ ಮೇಡಂ, ಸ್ವಲ್ಪ ನಾಡಿ ನೋಡಿ" ಅಂದರು.

ನೋಡಿದೆ. ನಾನು ಮುಟ್ಟೋದಕ್ಕೆ ಶುಕ್ರವಾರ ಅಡ್ಡ ಬರಲಿಲ್ಲ.